ಹೆಸರಿಲ್ಲದ ಬಟ್ಟಲು

ಗುಡ್ಡಗಳ ಸಂದಿನಿಂದ ಇಳಿದು ಬರುವ ಒಂದು ಸಣ್ಣ ಹಳ್ಳ. ಅದರ ದಂಡೆಯ ಮೇಲೆ ಅಲ್ಲಲ್ಲಿ ದಪ್ಪನೆಯ ಮರದ ತೊಲೆಗಳು ಕೀಲಿನ ಮೇಲೆ ಅಡ್ಡಲಾಗಿ ಕೂತಿವೆ. ಪ್ರತಿ ತೊಲೆಯ ಒಂದು ತುದಿಯನ್ನು ದೋಣಿಯ ಹಾಗೆ ಕೊರೆದಿದ್ದಾರೆ. ಇನ್ನೊಂದು ತುದಿಗೆ ಒನಕೆ. ಹಳ್ಳದ ನೀರು ದೋಣಿಯಲ್ಲಿ ತುಂಬುತ್ತದೆ. ಭಾರಕ್ಕೆ ಆ ತುದಿ ಬಾಗಿ ನೀರು ಚೆಲ್ಲಿಹೋಗುತ್ತದೆ. ಹಗುರಾದ ತುದಿ ಮೇಲೇಳುತ್ತಿದ್ದಂತೆ ಈಚೆ ಕಡೆಯ ಒನಕೆ ಗುಂಡಿಯೊಳಗಿನ ಮಣ್ಣಿನ ಮೇಲೆ ಧಡ್ಡನೆ ಬೀಳುತ್ತದೆ. ಮರದ ಕಿರುಗುಟ್ಟುವಿಕೆ, ಒಂದು ಗಳಿಗೆ ಮೌನ, ಮತ್ತೆ ಧಡ್! ಹಗಲು ರಾತ್ರಿಯೆನ್ನದೆ ಇದೇ ಸದ್ದು.

ಹಿಂದೆ ಅವಲಕ್ಕಿ ಕುಟ್ಟುವ ಮನೆಗಳಲ್ಲಿ ಕಾಲಿನಿಂದ ತೊಲೆ ತುಳಿದು ಒನಕೆ ಎತ್ತುತ್ತಿದ್ದುದನ್ನು ಕಂಡವರಿಗೆ ಇದರ ಲೆಕ್ಕ ತಟ್ಟನೆ ತಿಳಿಯುತ್ತದೆ. ಇಲ್ಲಿ ತುಳಿಯುವ ಕೆಲಸವನ್ನು ನೀರು ಮಾಡುತ್ತದೆ, ಅಷ್ಟೆ.

ಇದು ಜಪಾನಿನ ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯ. ಹಿತಾ ಪಟ್ಟಣಕ್ಕೆ ಸೇರಿದ ಈ ಗುಡ್ಡಗಾಡಿನ ಕೇರಿಯ ಹೆಸರು ಸರಾಯಮಾ. ಇಲ್ಲಿ ತಯಾರಾಗುವ ಮಣ್ಣಿನ ಪಾತ್ರೆಗೆ 'ಒಂತಾ' ಎಂದು ಹೆಸರು. ನೀರಿನ ಒನಕೆಗೆ ಅವರು 'ಕರಾ-ಉಸು' ಎನ್ನುತ್ತಾರೆ. 1996ರಲ್ಲಿ ಜಪಾನ್ ಸರ್ಕಾರದ ಪರಿಸರ ಇಲಾಖೆ, ನಾಡಿನಲ್ಲಿ ಉಳಿಸಿಕೊಳ್ಳಬೇಕಾದ ನೂರು ಸದ್ದುಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಈ ಒನಕೆಯ ಸದ್ದೂ ಸೇರಿದೆ. ಕುಂಬಾರನ ಮಣ್ಣು ಕುಟ್ಟುವ ಸದ್ದಿಗೆ ಅಂಥ ಮರ್ಯಾದೆ!

ಹಳ್ಳ ಬೇಗ ಓಡುವುದಿಲ್ಲ

ಸರಾಯಮಾದ ಕಥೆ ಶುರುವಾಗುವುದು 1705ರಲ್ಲಿ. ಹತ್ತಿರದ ಕೊಯಿಶಿವಾರಾ ಎಂಬ ಕುಂಬಾರರ ಊರಿನಿಂದ ಯಾನಾಸೆ ಮನೆತನದ ಒಬ್ಬ ಕುಶಲಿ ಇಲ್ಲಿಗೆ ಬಂದ. ಕುರೋಗಿ ಮನೆತನದವರು ಹಣ ಹೂಡಿದರು, ಸಾಕಾಮೊತೊ ಮನೆತನದವರು ಜಾಗ ಕೊಟ್ಟರು. ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ಕೇರಿಯ ಬಾಗಿಲುಗಳ ಮೇಲೆ ಹೆಚ್ಚುಕಡಿಮೆ ಇವೇ ಹೆಸರುಗಳು. ಚಕ್ರ ತಿರುಗಿಸುವ ಮನೆಗಳು ಹತ್ತರ ಆಸುಪಾಸು. ಹೊರಗಿನಿಂದ ಶಿಷ್ಯರನ್ನು ಸೇರಿಸಿಕೊಳ್ಳುವ ವಾಡಿಕೆಯಿಲ್ಲ. ತಂದೆಯಿಂದ ಮಗನಿಗೆ, ಅದೂ ಒಬ್ಬನೇ ಮಗನಿಗೆ, ವಿದ್ಯೆ ಸಾಗುತ್ತದೆ.

ಮಣ್ಣು ಸುತ್ತಲಿನ ಗುಡ್ಡದ್ದು. ಎಲ್ಲ ಮನೆಯವರೂ ಕೂಡಿ ಅಗೆದು ಪಾಲು ಹಂಚಿಕೊಳ್ಳುತ್ತಾರೆ. ಅದು ಕಲ್ಲಿನಂಥ ಗಟ್ಟಿ ಮಣ್ಣು. ಒಣಗಿಸಿ ಒನಕೆಯ ಗುಂಡಿಗೆ ಹಾಕಿದರೆ ನುಣ್ಣಗಾಗಲು ಇಪ್ಪತ್ತು ಮೂವತ್ತು ದಿನ ಬೇಕು. ಆಮೇಲೆ ನೀರಲ್ಲಿ ಕದಡಿ, ಸೋಸಿ, ತಿಳಿಗೊಳಿಸಿ, ಒಣಗಿಸಿ ಹದ ಮಾಡಬೇಕು. ಈ ಹದ ಮಾಡುವ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದ್ದು. ಚಕ್ರವನ್ನು ಕಾಲಿನಿಂದ ಒದ್ದು ತಿರುಗಿಸುತ್ತಾರೆ. ಸುಡುವುದು ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸೌದೆಯ ಆವಿಗೆಯಲ್ಲಿ.

ಪೇಟೆಯಲ್ಲಿ ಬೇಡಿಕೆ ಎಷ್ಟೇ ಇರಲಿ, ಹಳ್ಳ ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತದೆ. ಅದು ಎಷ್ಟು ಮಣ್ಣು ಕುಟ್ಟಿ ಕೊಡುತ್ತದೋ ಅಷ್ಟೇ ಪಾತ್ರೆ. ವಿದ್ಯುತ್ ಯಂತ್ರ ತಂದರೆ ತಿಂಗಳ ಕೆಲಸ ದಿನದಲ್ಲಿ ಮುಗಿದೀತು. ಅದು ಗೊತ್ತಿಲ್ಲದ ಜನರೇನೂ ಅವರಲ್ಲ. ಆದರೂ ತರಲಿಲ್ಲ. ಒಬ್ಬ ತಂದರೆ ಅವನು ಮುಂದಾಗುತ್ತಾನೆ, ಉಳಿದವರು ಹಿಂದಾಗುತ್ತಾರೆ. ಒಟ್ಟಾಗಿ ಮಣ್ಣು ಅಗೆಯುವ, ಒಟ್ಟಾಗಿ ಆವಿಗೆ ಉರಿಸುವ ಕೇರಿ ಅಲ್ಲಿಗೆ ಒಡೆಯುತ್ತದೆ.

ಒಂತಾದ ತಟ್ಟೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಂದು ಮಣ್ಣಿಗೆ ಬಿಳಿ ಮಣ್ಣಿನ ತಿಳಿ ಬಳಿದು, ತಿರುಗುವ ಚಕ್ರದ ಮೇಲೆ ಅದಕ್ಕೆ ತೆಳು ಉಕ್ಕಿನ ಪಟ್ಟಿಯೊಂದನ್ನು ಮೆಲ್ಲಗೆ ತಾಗಿಸುತ್ತಾರೆ. ಹಳೆಯ ಗಡಿಯಾರದ ಸ್ಪ್ರಿಂಗು ಇದಕ್ಕೆ ಬಹಳ ಅನುಕೂಲ. ಪಟ್ಟಿ ಪುಟಿಯುತ್ತ ಪುಟಿಯುತ್ತ ಬಿಳಿ ಪದರವನ್ನು ಕಚ್ಚಿ ಕಚ್ಚಿ ಬಿಡುತ್ತದೆ. ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ಹಕ್ಕಿ ಕುಕ್ಕಿದಂಥ ನೂರಾರು ಗುರುತುಗಳು ಮೂಡುತ್ತವೆ. ಕೆಲಸ ಕೆಲವೇ ಕ್ಷಣಗಳದ್ದು. ಪಟ್ಟಿಯನ್ನು ಎಷ್ಟು ಸಡಿಲವಾಗಿ ಹಿಡಿಯಬೇಕು ಎಂಬುದು ಬೆರಳಿಗೆ ತಿಳಿಯಲು ವರ್ಷಗಳು ಬೇಕು.

ಅನ್ನದ ಬಟ್ಟಲು, ಚಹಾದ ಲೋಟ, ನೀರಿನ ಗಡಿಗೆ, ಉಪ್ಪಿನಲ್ಲಿ ಹಾಕಿದ ಹುಳಿಹಣ್ಣಿನ ಜಾಡಿ... ಎಲ್ಲವೂ ಅಡುಗೆಮನೆಯ ಸಾಮಾನು. ಯಾವುದರ ಮೇಲೂ ಮಾಡಿದವನ ಹೆಸರಿಲ್ಲ. ತಳ ಮಗುಚಿ ನೋಡಿದರೆ ಇದ್ದೀತು ಒಂದೇ ಮುದ್ರೆ: 'ಒಂತಾ'. ಊರಿನ ಹೆಸರು.

ಮೆಚ್ಚಿದವರಿಗೆ ಹೆಸರಿತ್ತು

ಇಂಥ ಪಾತ್ರೆಗಳಲ್ಲಿ ಚೆಲುವಿದೆ ಎಂದು ಗಟ್ಟಿಯಾಗಿ ಹೇಳಿದವನು ಯಾನಾಗಿ ಸೊಯೆತ್ಸು. 1889ರಲ್ಲಿ ತೋಕಿಯೊದಲ್ಲಿ ಹುಟ್ಟಿ ತತ್ವಶಾಸ್ತ್ರ ಓದಿದವನು. ಯೌವನದಲ್ಲಿ ಕೊರಿಯಾದ ಹಳೆಯ ಮಣ್ಣಿನ ಜಾಡಿಯೊಂದು ಕಣ್ಣಿಗೆ ಬಿದ್ದು ಅವನ ದಾರಿಯನ್ನೇ ಬದಲಿಸಿತು. ಅರಮನೆಗಳಿಗಾಗಿ, ಅರಸರಿಗಾಗಿ ಮಾಡಿದ ಅಲಂಕಾರದ ವಸ್ತುಗಳಿಗಿಂತ ಬಡವರ ಮನೆಯ ಸಾಮಾನು ಎಷ್ಟೋ ಆರೋಗ್ಯವಾಗಿದೆ ಎನಿಸಿತು. 1925ರಲ್ಲಿ ಅವನೂ ಅವನ ಗೆಳೆಯರಾದ ಹಮಾದಾ ಶೋಜಿ ಮತ್ತು ಕವಾಯಿ ಕಾಂಜಿರೊ ಎಂಬ ಇಬ್ಬರು ಕುಂಬ ಕಲಾವಿದರೂ ಸೇರಿ ಇದಕ್ಕೊಂದು ಪದ ಕಟ್ಟಿದರು: 'ಮಿಂಗೇ'. ಜನರ ಕೈಕಸುಬು ಎಂದರ್ಥ.

ಆಮೇಲೆ ಯಾನಾಗಿ ಜಪಾನನ್ನು ಮೂಲೆ ಮೂಲೆ ಸುತ್ತಿದ. ಸುತ್ತಿದಂತೆಲ್ಲ ಒಂದು ಸಂಗತಿ ನಿಚ್ಚಳವಾಯಿತು. ಊರಿನ ಸಾಮಾನು ಊರಿನ ನೆಲದಿಂದಲೇ ಹುಟ್ಟುತ್ತದೆ. ಉತ್ತರದ ಅಕಿತಾದಲ್ಲಿ ದೇವದಾರು ಜಾತಿಯ ಮರಗಳ ಕಾಡು. ಅಲ್ಲಿ ತೆಳು ಹಲಗೆಯನ್ನು ಬಿಸಿನೀರಲ್ಲಿ ನೆನೆಸಿ ಬಾಗಿಸಿ ಊಟದ ಡಬ್ಬಿ ಮಾಡುತ್ತಾರೆ. ಮರ ಪಸೆ ಹೀರಿಕೊಳ್ಳುವುದರಿಂದ ಮಧ್ಯಾಹ್ನದವರೆಗೂ ಅನ್ನ ಬೆವರುವುದಿಲ್ಲ. ಮಕ್ಕಳಿಗೆ ಬುತ್ತಿ ಕಟ್ಟುವ ತಾಯಂದಿರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ನಿಗಾತಾ ಪ್ರಾಂತ್ಯದಲ್ಲಿ ಆಳೆತ್ತರ ಹಿಮ ಬೀಳುತ್ತದೆ. ಅಲ್ಲಿ ನಾರಿನ ಬಟ್ಟೆಯನ್ನು ಹಿಮದ ಬಯಲಿನ ಮೇಲೆ ಹಾಸಿ ಬಿಸಿಲಿಗೆ ಬಿಳುಪು ಮಾಡುತ್ತಾರೆ. ಕ್ಯೂಶೂವಿನ ಕುರುಮೆಯಲ್ಲಿ ನೀಲಿಯ ಹತ್ತಿ ಬಟ್ಟೆ. ಅದರ ಚುಕ್ಕೆ ಚುಕ್ಕೆಯ ನೇಯ್ಗೆಯನ್ನು ಹೊಳೆಯಿಸಿದವಳು ಇನೋಯೆ ದೆನ್ ಎಂಬ ಹನ್ನೆರಡು ಹದಿಮೂರರ ಹುಡುಗಿ. ಮಾಸಿದ ಬಟ್ಟೆಯೊಂದರಲ್ಲಿ ಅಲ್ಲಲ್ಲಿ ಬಣ್ಣ ಬಿಟ್ಟಿದ್ದನ್ನು ಕಂಡು ಅವಳು ನೂಲು ಬಿಚ್ಚಿ ನೋಡಿದಳಂತೆ. ನೂಲನ್ನು ಮೊದಲೇ ಅಲ್ಲಲ್ಲಿ ಕಟ್ಟಿ ಬಣ್ಣಕ್ಕದ್ದಿದರೆ ನೇಯುವಾಗ ತಾನಾಗಿ ಚಿತ್ತಾರ ಮೂಡೀತು ಎಂದು ಹೊಳೆಯಿತು. ಇದು 1800ರ ಆಸುಪಾಸಿನ ಮಾತು. ಅವಳು ತನ್ನ ಗುಟ್ಟನ್ನು ಬಚ್ಚಿಡದೆ ನೂರಾರು ಮಂದಿಗೆ ಕಲಿಸಿದಳು.

1931ರಲ್ಲಿ ಯಾನಾಗಿ ಸರಾಯಮಾಕ್ಕೂ ಬಂದ. ಕಂಡದ್ದನ್ನು ಮನಸಾರೆ ಹೊಗಳಿ ಬರೆದ. 1936ರಲ್ಲಿ, ಒಹಾರಾ ಮಾಗೊಸಾಬುರೊ ಎಂಬ ಉದ್ಯಮಿಯ ನೆರವಿನಿಂದ, ತೋಕಿಯೊದ ಕೊಮಾಬಾದಲ್ಲಿ ಜಾನಪದ ಕೈಕಸುಬಿನ ವಸ್ತುಸಂಗ್ರಹಾಲಯ ತೆರೆದ. ಅದು ಇಂದಿಗೂ ಇದೆ. ಅಲ್ಲಿ ವಸ್ತುಗಳ ಪಕ್ಕದ ವಿವರಣೆ ಬಹಳ ಚುಟುಕು. ಮೊದಲು ಕಣ್ಣಿಟ್ಟು ನೋಡಿ, ತಿಳಿಯುವುದು ಆಮೇಲೆ ಎಂಬುದು ಯಾನಾಗಿಯ ಪಾಠ. ಮೊದಲು ಟಿಪ್ಪಣಿ ಓದಿ, ಪುರುಸೊತ್ತಾದರೆ ಪಾಠ ಓದುವ ವಿದ್ಯಾರ್ಥಿಗಳಿಗೆ ಇದು ತುಸು ಕಷ್ಟದ ಪಾಠವೇ ಸರಿ!

ಯಾನಾಗಿಯ ವಾದ ಸರಳ. ಹೆಸರಿಗಾಗಿ ದುಡಿಯುವವನ ಕೆಲಸದಲ್ಲಿ 'ನಾನು' ಎಂಬುದು ಇಣುಕುತ್ತದೆ. ದಿನಕ್ಕೆ ನೂರು ಬಟ್ಟಲು ಮಾಡುವವನಿಗೆ 'ನಾನು' ನೆನಪಾಗುವಷ್ಟು ಪುರುಸೊತ್ತಿಲ್ಲ. ಅದರಿಂದಲೇ ಅವನ ಬಟ್ಟಲು ಸರಾಗ.

ಈ ಮಾತಿಗೆ ಅವನ ಬಳಗ ತೋರಿಸುತ್ತಿದ್ದ ಒಬ್ಬ ಮುದುಕಿಯಿದ್ದಳು. ತೋಕಿಯೊಗೆ ಉತ್ತರದಲ್ಲಿರುವ ಮಾಶಿಕೊ ಎಂಬ ಕುಂಬಾರರ ಊರಿನ ಮಿನಾಗಾವಾ ಮಾಸು. ಹುಟ್ಟಿದ್ದು 1874ರಲ್ಲಿ. ಹುಡುಗಿಯಾಗಿದ್ದಾಗಲೇ ಕುಂಚ ಹಿಡಿದು ಚಹಾದ ಗಿಂಡಿಗಳ ಮೇಲೆ ಚಿತ್ರ ಬರೆಯುವ ಕೂಲಿ ಕೆಲಸಕ್ಕೆ ಇಳಿದಳು. ಚಿತ್ರವೆಂದರೆ ಹೆಚ್ಚಾಗಿ ಒಂದೇ: ಒಂದು ಬೆಟ್ಟ, ನೀರು, ಮರ, ಗುಡಿಸಲು. ದಿನಕ್ಕೆ ನೂರಾರು ಗಿಂಡಿ. ಓದು ಬರಹ ಬಾರದು. ಗೆರೆ ಮಾತ್ರ ಎಲ್ಲಿಯೂ ಅಳುಕದು. 1960ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವಳು ಬರೆದ ಬೆಟ್ಟಗಳ ಲೆಕ್ಕ ಲಕ್ಷಗಳನ್ನು ದಾಟಿರಬೇಕು. ಎಷ್ಟು ಅಡುಗೆಮನೆಗಳಲ್ಲಿ ಆ ಬೆಟ್ಟದ ಮಗ್ಗುಲಿನಿಂದ ಹಬೆ ಎದ್ದಿತೋ ಬಲ್ಲವರಾರು!

ಒಂದೇ ಚಿತ್ರವನ್ನು ಲಕ್ಷ ಸಲ ಬರೆದರೆ ಬೇಸರ ಬರುವುದಿಲ್ಲವೆ? ಬಂದಿರಲೂಬಹುದು. ಮಗ್ಗಿ ಒಪ್ಪಿಸುವ ಹುಡುಗನಿಗೂ, ಸರಳೆವರಸೆ ಹಾಡುವ ಹುಡುಗಿಗೂ ಬರುತ್ತದೆ. ಆದರೆ ಬೇಸರದ ಆಚೆ ದಡದಲ್ಲಿ ಏನೋ ಇದೆ ಎಂಬುದಕ್ಕೆ ಹಮಾದಾ ಶೋಜಿಯ ಒಂದು ಪ್ರಸಂಗ ಸಾಕ್ಷಿ. ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲೀಚ್ ಎಂಬ ಗೆಳೆಯನ ಜೊತೆ ಕೆಲಸ ಮಾಡಿ ಮರಳಿ, ಮಾಶಿಕೊವಿನ ಅಡುಗೆ ಪಾತ್ರೆ ಮಾಡುವವರ ನಡುವೆ ನೆಲೆಸಿದವನು ಹಮಾದಾ. ಒಮ್ಮೆ ದೊಡ್ಡ ಹರಿವಾಣದ ಮೇಲೆ ಸೌಟಿನಿಂದ ಮೆರುಗಿನ ದ್ರಾವಣ ಸುರಿದು ಒಂದೇ ಬೀಸಿನಲ್ಲಿ ಚಿತ್ತಾರ ಮುಗಿಸಿದ. ನೋಡುತ್ತಿದ್ದವರು, ಇಷ್ಟು ದೊಡ್ಡ ಹರಿವಾಣಕ್ಕೆ ಹದಿನೈದೇ ಸೆಕೆಂಡೇ ಎಂದು ಹುಬ್ಬೇರಿಸಿದರು. ಹದಿನೈದು ಸೆಕೆಂಡಿನ ಜೊತೆಗೆ ಅರವತ್ತು ವರ್ಷವನ್ನೂ ಕೂಡಿಸಿಕೊಳ್ಳಿ ಎಂಬರ್ಥದಲ್ಲಿ ಹಮಾದಾ ಉತ್ತರಿಸಿದ.

ಇಷ್ಟಕ್ಕೇ ಮುಗಿದಿದ್ದರೆ ಕಥೆ ಬಲು ಚೆಂದ. ಆದರೆ ಇಲ್ಲೊಂದು ತೊಡಕಿದೆ. ಹೆಸರಿಲ್ಲದವರನ್ನು ಹೊಗಳಿದವರಿಗೆ ಹೆಸರಿತ್ತು! ಯಾನಾಗಿ ನಾಡಿಗೇ ಗೊತ್ತಿದ್ದ ಬರಹಗಾರ. ಹಮಾದಾ ತನ್ನ ಪಾತ್ರೆಗಳಿಗೆ ರುಜು ಹಾಕುವುದನ್ನು ಬಿಟ್ಟ, ನಿಜ. ಆದರೆ ಪಾತ್ರೆಯನ್ನಿಡುವ ಮರದ ಪೆಟ್ಟಿಗೆಯ ಮೇಲೆ ಅವನ ಬರಹ ಇರುತ್ತಿತ್ತು. 1955ರಲ್ಲಿ ಸರ್ಕಾರ ಅವನನ್ನು 'ಜೀವಂತ ರಾಷ್ಟ್ರನಿಧಿ' ಎಂದು ಗೌರವಿಸಿತು. ಕವಾಯಿ ಇಂಥ ಗೌರವಗಳನ್ನು ಒಲ್ಲೆನೆಂದು ಕುಂಬಾರನಾಗಿಯೇ ಉಳಿದ. ಮಾಸುವಿನ ಬದುಕಾದರೋ ಗಿಂಡಿಗಿಷ್ಟು ಎಂಬ ಕೂಲಿಯಲ್ಲಿ ಸಾಗಿತ್ತು. ಓದು ಬಾರದ ಅವಳ ಮುಗ್ಧತೆಯನ್ನು ಓದು ಬಲ್ಲವರು ಮೆಚ್ಚಿಕೊಂಡರು. ಅವಳಿಗೆ ಶಾಲೆ ಬೇಕಿತ್ತೇ ಎಂದು ಕೇಳಿದವರು ಯಾರು?

ಸರಾಯಮಾದಲ್ಲೂ ಹಾಗೆಯೇ. ಒಬ್ಬ ಮಗನಿಗೆ ಚಕ್ರ ಸಿಗುತ್ತದೆ. ಅವನ ತಮ್ಮಂದಿರು ಊರು ಬಿಟ್ಟು ಬೇರೆ ಅನ್ನ ಹುಡುಕಬೇಕು. ಮಣ್ಣನ್ನು ಹದ ಮಾಡುವ ಹೆಣ್ಣುಮಕ್ಕಳಿಗೆ ಚಕ್ರದ ಮುಂದೆ ಕೂರುವ ಪದ್ಧತಿಯಿಲ್ಲ. ಒಗ್ಗಟ್ಟಿಗೂ ಒಂದು ಬೆಲೆಯಿದೆ. ಆ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ.

ಪೆಟ್ಟಿಗೆಯೊಳಗಿನ ಅನ್ನದ ಬಟ್ಟಲು

ಹೆಸರು ಒಂದು ಬಟ್ಟಲಿಗೆ ಏನು ಮಾಡುತ್ತದೆ ಎಂಬುದಕ್ಕೆ ಕ್ಯೋತೊ ನಗರದ ದೈತೊಕುಜಿ ಮಠದಲ್ಲಿರುವ ಒಂದು ಬಟ್ಟಲೇ ಉದಾಹರಣೆ. ಅದು ಕೊರಿಯಾದಲ್ಲಿ ಸುಮಾರು ಹದಿನಾರನೇ ಶತಮಾನದಲ್ಲಿ ಯಾರೋ ಮಾಡಿದ್ದು. ಬಡವರು ಅನ್ನ ಉಣ್ಣುತ್ತಿದ್ದ ಸಾಧಾರಣ ಬಟ್ಟಲು ಎಂದು ಯಾನಾಗಿ ನಂಬಿದ್ದ. ಸಮುದ್ರ ದಾಟಿ ಜಪಾನಿಗೆ ಬಂದಾಗ ಚಹಾಕೂಟದ ರಸಿಕರ ಕಣ್ಣಿಗೆ ಬಿತ್ತು. ಅಲ್ಲಿಂದ ಅದರ ಯೋಗವೇ ಬದಲಾಯಿತು. ಕೈಯಿಂದ ಕೈಗೆ ದಾಟುತ್ತ ಬೆಲೆ ಗಗನಕ್ಕೇರಿತು. 1951ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿತು.

1931ರಲ್ಲಿ ಯಾನಾಗಿಗೆ ಅದನ್ನು ನೋಡುವ ಅವಕಾಶ ಸಿಕ್ಕಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮತ್ತೊಂದು... ಕೊನೆಗೆ ರೇಷ್ಮೆ ಬಿಚ್ಚಿದಾಗ ಕಂಡದ್ದು ಅತಿ ಸಾಮಾನ್ಯವಾದ ಒಂದು ಬಟ್ಟಲು. ಅಂಚು ಸೊಟ್ಟ, ಮೆರುಗು ಬಿರುಕು. ಅದಕ್ಕಾಗಿಯೇ ಅವನಿಗೆ ಆನಂದವಾಯಿತು.

ಆ ಬಟ್ಟಲಿಗೆ 'ಕಿಜಾಯೆಮೊನ್' ಎಂದು ಹೆಸರು. ಅದು ಒಂದು ಕಾಲದಲ್ಲಿ ಅದರ ಒಡೆಯನಾಗಿದ್ದ ಒಸಾಕಾದ ವ್ಯಾಪಾರಿಯದು. ಕೊಂಡವನ ಹೆಸರು ಉಳಿಯಿತು, ಮಾಡಿದವನದು ಹೋಯಿತು. ಅನ್ನ ಉಣ್ಣಬೇಕಿದ್ದ ಬಟ್ಟಲು ಉಣ್ಣುವ ಕೈಯಿಂದಲೂ ತಪ್ಪಿಹೋಯಿತು. ಎಂಥ ವಿಪರ್ಯಾಸ!

ಒಂತಾಕ್ಕೂ ಇದೇ ಗತಿ ಕಾದಿತ್ತೋ ಏನೋ. 1954ರಲ್ಲಿ ಬರ್ನಾರ್ಡ್ ಲೀಚ್ ಬಂದು ಮೂರು ವಾರ ಕೇರಿಯಲ್ಲಿದ್ದು ಕೆಲಸ ಮಾಡಿದ. ಊರಿನ ಹೆಸರು ದೇಶವೆಲ್ಲ ಹಬ್ಬಿತು. ಮುಂದಿನ ದಶಕಗಳಲ್ಲಿ 'ಮಿಂಗೇ' ಎಂದರೆ ಪೇಟೆಯಲ್ಲಿ ಎಲ್ಲಿಲ್ಲದ ಗಿರಾಕಿ. ನಗರದ ಮಂದಿ ಉಪ್ಪಿನಕಾಯಿ ಹಾಕುವ ಜಾಡಿಯನ್ನು ಕೊಂಡು ಹೂವಿಟ್ಟು ಹಜಾರದಲ್ಲಿ ನಿಲ್ಲಿಸಿದರು. ಗದ್ದೆ ಉಳುತ್ತ ಬಿಡುವಿನಲ್ಲಿ ಮಡಕೆ ಮಾಡುತ್ತಿದ್ದವರು ಪೂರ್ತಿ ಕುಂಬಾರರಾದರು. 1970ರ ದಶಕದ ಕೊನೆಯಲ್ಲಿ ಬ್ರಯಾನ್ ಮೊಯೆರಾನ್ ಎಂಬ ಸಂಶೋಧಕ ಇಲ್ಲಿದ್ದು, ಹೊಗಳಿಕೆಯೂ ಹಣವೂ ಕೇರಿಯ ಒಗ್ಗಟ್ಟನ್ನು ಹೇಗೆ ಜಗ್ಗಾಡಿದವು ಎಂಬುದನ್ನು ಕಂಡ. 1984ರಲ್ಲಿ ಆ ಕುರಿತು ಪುಸ್ತಕವನ್ನೇ ಬರೆದ. ಹೊರಗಿನವರು ನಿಮ್ಮಲ್ಲಿ ಹೆಚ್ಚು ಒಳ್ಳೆಯ ಕುಂಬಾರ ಯಾರು ಎಂದು ಕೇಳತೊಡಗಿದಾಗ, ಅಂಥ ಪ್ರಶ್ನೆಯನ್ನೇ ಕೇಳಿಕೊಳ್ಳದ ಊರಿನಲ್ಲಿ ಮುಜುಗರ ಹುಟ್ಟುವುದು ಸಹಜ.

ಆದರೂ ಆ ಕೇರಿ ಬಾಗಿತು, ಮುರಿಯಲಿಲ್ಲ. 1995ರಲ್ಲಿ ಸರ್ಕಾರ ಒಂತಾದ ಕಸುಬನ್ನು ದೇಶದ ಮುಖ್ಯ ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿತು. ಗೌರವ ಸಂದದ್ದು ಯಾವೊಬ್ಬ ಕುಂಬಾರನಿಗೂ ಅಲ್ಲ, ಇಡೀ ಕೇರಿಗೆ. 2017ರ ಜುಲೈನಲ್ಲಿ ಉತ್ತರ ಕ್ಯೂಶೂವಿನಲ್ಲಿ ಸುರಿದ ಭಾರಿ ಮಳೆಗೆ ಆ ಸಣ್ಣ ಹಳ್ಳವೇ ಉಕ್ಕಿ ಬಂತು. ಒನಕೆಗಳು ಹಾಳಾದವು, ಮಣ್ಣು ಅಗೆಯುವ ಜಾಗಕ್ಕೂ ಪೆಟ್ಟು ಬಿತ್ತು. ಜನ ಕೆಸರು ತೆಗೆದು, ಮರ ಕೆತ್ತಿ, ತೊಲೆಗಳನ್ನು ಮತ್ತೆ ಕೀಲಿಗೆ ಕೂರಿಸಿದರು. ಧಡ್ ಎಂಬ ಸದ್ದು ಮತ್ತೆ ಕೇಳಿಸಿತು.

ಬಳಸುವವರ ಪಾಲು

1974ರಲ್ಲಿ ಜಪಾನ್ ಸರ್ಕಾರ ಪಾರಂಪರಿಕ ಕೈಕಸುಬಿಗಾಗಿ ಒಂದು ಕಾಯಿದೆ ತಂದಿತು. ಅದರ ಮಾನ್ಯತೆ ಪಡೆಯಲು ಹಲವು ಷರತ್ತುಗಳಿವೆ. ಮುಖ್ಯ ಭಾಗ ಕೈಯಿಂದಲೇ ಆಗಬೇಕು, ವಿಧಾನವೂ ಕಚ್ಚಾಮಾಲೂ ಪರಂಪರೆಯದಾಗಿರಬೇಕು, ಒಂದು ಸೀಮೆಯಲ್ಲಿ ಸಾಕಷ್ಟು ಜನ ಅದನ್ನು ಮಾಡುತ್ತಿರಬೇಕು. ಇವೆಲ್ಲಕ್ಕೂ ಮೊದಲ ಷರತ್ತು ಇನ್ನೊಂದು: ಆ ವಸ್ತು ಮುಖ್ಯವಾಗಿ ದಿನನಿತ್ಯದ ಬಳಕೆಯದಾಗಿರಬೇಕು. ಇಂದು ಇನ್ನೂರ ನಲವತ್ತಕ್ಕೂ ಹೆಚ್ಚು ಬಗೆಯ ಕಸುಬುಗಳಿಗೆ ಈ ಮಾನ್ಯತೆಯಿದೆ. ಆದರೆ ದುಡಿಯುವವರ ಸಂಖ್ಯೆ ಆ ದಶಕದಲ್ಲಿದ್ದುದರ ಮೂರನೇ ಒಂದು ಭಾಗಕ್ಕೂ ಕೆಳಗಿಳಿದಿದೆ. ಸಂಗ್ರಹಾಲಯಗಳಿಗೆ ಕೊರತೆಯಿಲ್ಲ, ಪ್ರಶಸ್ತಿಗಳಿಗೂ ಇಲ್ಲ. ಕಡಿಮೆಯಾಗಿರುವುದು ಆ ಬಟ್ಟಲಲ್ಲಿ ಉಣ್ಣುವವರು. ಪ್ಲಾಸ್ಟಿಕ್ ತಟ್ಟೆ ಅಗ್ಗ, ಹಗುರ, ಬಿದ್ದರೆ ಒಡೆಯದು. ಅದನ್ನು ಕೊಂಡವರನ್ನು ದೂರುವಂತೆಯೂ ಇಲ್ಲ.

ಕಾಯಿದೆ, ಪ್ರಶಸ್ತಿ, ಪುಸ್ತಕ ಇವೆಲ್ಲ ಕಸುಬಿಗೆ ಹೆಸರು ಕೊಡಬಲ್ಲವು. ಜೀವ ಕೊಡುವುದು ದಿನದ ಬಳಕೆಯೊಂದೇ. ಒಡೆದೀತೆಂಬ ಅಂಜಿಕೆಯಿಂದ ಕಪಾಟಿನಲ್ಲಿಟ್ಟ ಬಟ್ಟಲು ಒಡೆಯುವುದಿಲ್ಲ, ನಿಜ. ಆದರೆ ಅದನ್ನು ಮಾಡಿದವನಿಗೆ ಇನ್ನೊಂದು ಮಾಡುವ ಕೆಲಸವೂ ಇರುವುದಿಲ್ಲ.

ಪರೀಕ್ಷೆಯ ದಿನ ಮನೆಯಿಂದ ಹೊರಡುವ ಹುಡುಗನಿಗೆ ದೊಡ್ಡವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಹೆಸರು ತಗೊಂಡು ಬಾ. ಅದರಲ್ಲಿ ತಪ್ಪೇನಿಲ್ಲ. ಮಾಸುವಿನಂಥವರಿಗೆ ಹೆಸರೂ ಓದೂ ನ್ಯಾಯವಾದ ಕೂಲಿಯೂ ಸಿಗಬೇಕಿತ್ತು. ಇಂದಿನ ಮಕ್ಕಳಿಗೆ ಸಿಗಲೇಬೇಕು. ಆದರೆ ರ‍್ಯಾಂಕು ಒಬ್ಬನಿಗೆ. ಉಳಿದ ನೂರಾರು ಮಕ್ಕಳೂ ಮುಂದೆ ಕೆಲಸ ಮಾಡುವವರೇ. ಯಾರೋ ಸೇತುವೆಯ ಲೆಕ್ಕ ಬರೆಯುತ್ತಾರೆ, ಯಾರೋ ಔಷಧಿ ಅಳೆಯುತ್ತಾರೆ, ಯಾರೋ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ಸೇತುವೆ ನಿಂತಿರುವುದು, ಜ್ವರ ಇಳಿಯುವುದು, ಅಕ್ಷರ ನೆಟ್ಟಗಾಗುವುದು ಅವರಿಂದಲೇ. ಇದನ್ನೂ ಮಕ್ಕಳಿಗೆ ಮನೆಯಲ್ಲಿ ಯಾರಾದರೂ ಹೇಳಬೇಕಲ್ಲವೆ?

ಸರಾಯಮಾದಲ್ಲಿ ಸಂಜೆಯಾದರೆ ಚಕ್ರಗಳು ನಿಲ್ಲುತ್ತವೆ. ಹಲಗೆಗಳ ಮೇಲೆ ಸಾಲಾಗಿ ಹಸಿ ಬಟ್ಟಲುಗಳು. ಯಾವುದು ಯಾನಾಸೆಯದು, ಯಾವುದು ಕುರೋಗಿಯದು ಎಂದು ಕೇರಿಯವರಿಗೆ ಗೊತ್ತಾಗುತ್ತಿರಬಹುದು; ಕೊಳ್ಳುವವರಿಗೆ ಅದು ಬೇಕಿಲ್ಲ. ದೀಪ ಆರಿದ ಮೇಲೂ ಹಳ್ಳದ ದಂಡೆಯಲ್ಲಿ ನೀರು ತುಂಬುತ್ತದೆ, ತೊಲೆ ಬಾಗುತ್ತದೆ, ಒನಕೆ ಬೀಳುತ್ತದೆ. ಮುಂದಿನ ತಿಂಗಳ ಬಟ್ಟಲಿಗೆ ಈ ರಾತ್ರಿಯೇ ಮಣ್ಣು ತಯಾರಾಗಬೇಕಲ್ಲ.